ತೊಟ್ಟಿಲೊಳಗಿನ ಕಂಟ್ರೋಲರ್

ತಪ್ಪೆಲ್ಲ ಶಿರಗುಪ್ಪಿಯ ಬೀಗರದ್ದು. ಬಸುರಿ ಸ್ನೇಹಲಳ ಕುಬಸದ ದಿನ ಸಿದ್ದಲಿಂಗ ಬೀಗರು ಹೋಳಿಗೆಯ ಮೇಲೆ ತುಪ್ಪದ ಮಹಾಪೂರ ಹರಿಸಿಕೊಂಡು, ಉಂಡು, ತೇಗಿ, ಸುಮ್ಮನೆ ಎದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಎದ್ದರೇ? ಇಲ್ಲ. ಸೊಸೆಯ ಮೇಲಿನ ಅಕ್ಕರೆಯಿಂದ ಅಂದೇಬಿಟ್ಟರು:

“ತೊಟ್ಟಲಾ ನಾವ ತರ್ತೀವಿ ಬಿಡ್ರಿ ಬೀಗರ. ಸ್ಟೀಲಿಂದು. ಮಸ್ತ ಝಗಮಗ ಅಂತೈತಿ. ಗುಂಡಿ ಒತ್ತಿದ್ರ ತಾನ ತೂಗತೈತಿ, ಹಾಡೂ ಹಾಡತೈತಿ.”

ಸ್ನೇಹಲಳ ಅಪ್ಪ, ಹಾರೂಗೇರಿಯ ಧರೆಪ್ಪನ ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆಯಿತು. ಚೊಚ್ಚಲ ಬಾಣಂತನ ತವರಿನದು, ಚೊಚ್ಚಲ ಕೂಸಿನ ತೊಟ್ಟಿಲೂ ತವರಿನದು. ಇದು ಅವನ ಅಜ್ಜನ ಅಜ್ಜನ ಕಾಲದಿಂದ ನಡೆದು ಬಂದದ್ದು. ಬೀಗರ ತೊಟ್ಟಿಲಲ್ಲಿ ತನ್ನ ಮನೆಯಲ್ಲಿ ಕೂಸನ್ನು ಮಲಗಿಸುವುದೆಂದರೆ, ತನ್ನ ಬಾಗಿಲಿಗೆ ಬೀಗರ ಬೀಗ ಜಡಿದಂತೆ.

“ತೊಟ್ಟಲಾ ನಮ್ಮ ಮನೀದು,” ಎಂದ ಧರೆಪ್ಪ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಿವೃತ್ತಿಯಾಗುವವರೆಗೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಮೈಕು ಹಿಡಿದು ‘ಅಥಣಿ, ಕಾಗವಾಡ, ಮೀರಜ’ ಎಂದು ಗುಡುಗಿದರೆ ಇಳಿಯಬೇಕಾದವರೂ ಗಾಬರಿಯಾಗಿ ಮತ್ತೆ ಹತ್ತುತ್ತಿದ್ದರು. ಬಾಯಿ ತೆರೆದ ಮೇಲೆ ಮುಚ್ಚುವ ರೂಢಿ ಅವನಿಗಿರಲಿಲ್ಲ. “ಅದೂ ಅಂಗಡ್ಯಾಗಿನದಲ್ಲ. ಖುದ್ದ ಕೂಸಿನ ಅಜ್ಜನ, ಅಂದ್ರ ನನ್ನ ಕೈಲೆ ಮಾಡಿದ್ದು!”

“ಆಗಲಿ,” ಎಂದರು ಬೀಗರು, ಮೀಸೆಯೊಳಗೆ ನಗುತ್ತ. “ಸ್ಟೀಲಿಂದು ಗಾಡ್ಯಾಗ ಹಾಕ್ಕೊಂಡ ಬಂದಿರತೇವಿ. ಬೇಕಾದ್ರ ಇಳಸೂಣಂತ.”

ಆ ರಾತ್ರಿ ಪಾತ್ರೆ ಬೆಳಗುತ್ತ ಗೌರಾಬಾಯಿ ಗಂಡನನ್ನು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಕೈಲೆ ಮಾಡತೀರಿ?”

ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿಯವರೆಗೆ ಧರೆಪ್ಪನ ಬಡಗಿತನವೆಂದರೆ ವರ್ಷಕ್ಕೊಮ್ಮೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವುದು. ಅವನ ಹೆಬ್ಬೆರಳು ತಿಂದ ಏಟುಗಳನ್ನು ಒಂದರ ಮುಂದೊಂದು ಜೋಡಿಸಿದರೆ ರಾಯಬಾಗದಿಂದ ನಿಪ್ಪಾಣಿಗೆ ಹೊಸ ರಸ್ತೆಯೇ ಆಗುತ್ತಿತ್ತು. (ತಗ್ಗು-ದಿಣ್ಣೆಗಳ ಸಮೇತ.)

ಚಿಕ್ಕೋಡಿಯಲ್ಲಿ ಕಾಸಿಮಸಾಬರು ತಮ್ಮ ಕಾರಖಾನೆಯಲ್ಲಿ ಪ್ರತಿ ಭಾನುವಾರ ಹಳೇ ಪದ್ಧತಿಯ ಬಡಗಿ ಕೆಲಸದ ಕ್ಲಾಸು ನಡೆಸುತ್ತಿದ್ದರು; ಧರೆಪ್ಪ ಹೋಗಿ ಅಲ್ಲಿ ಸೇರಿಕೊಂಡ. ಭಾಷಣ ಕೇಳಿ ಹೋಗುವ ಕ್ಲಾಸಲ್ಲ. ಬಂದವರ ಕೈಗೆ ಗರಗಸ ಕೊಟ್ಟು ಮುಂದೆ ಕಟ್ಟಿಗೆ ಇಡುವ ಕ್ಲಾಸು. ಸಾಬರ ಮೈ ಕಡ್ಡಿ, ದನಿ ಸಾಮಿಲ್ಲು. ನಾಚಿಕೆ, ಸಂಕೋಚ ಎಂಬ ಎರಡು ಹಲಗೆಗಳನ್ನು ದೇವರು ಅವರಿಗೆ ಜೋಡಿಸಿಯೇ ಇರಲಿಲ್ಲ.

“ನಮ್ಮ ಅಜ್ಜ ಮಾಡಿದ ಬಾಗಲಾ ಬೋರಗಾಂವದಾಗ ಇವತ್ತಿಗೂ ಐತ್ರಿ,” ಎಂದು ಮೊದಲ ದಿನವೇ ಸಾರಿದರು. “ಮನಿ ಬಿದ್ದ ಹೋತು, ಗ್ವಾಡಿ ಬಿದ್ದ ಹೋದು, ಬಾಗಲಾ ನಿಂತೈತಿ! ಮಂದಿ ಈಗೂ ಕದಾ ಬಡದ ಬಯಲಾಗ ಹೋಗತಾರ!”

ಅವರ ಕ್ಲಾಸಿಗೆ ಎರಡು ಕಾನೂನು. ಒಂದು: ಮೊಳೆ ನಿಷಿದ್ಧ. ಒಂದು ಹಲಗೆಗೆ ನಾಲಿಗೆ ತೆಗೆದು, ಇನ್ನೊಂದಕ್ಕೆ ಬಾಯಿ ಕೊರೆದು, ನಾಲಿಗೆಯನ್ನು ಬಾಯೊಳಗೆ ಕೂಡಿಸಿ ಕಟ್ಟಿಗೆಯದೇ ಬೆಣೆ ಬಡಿಯಬೇಕು. ಇನ್ನೊಂದು: ಮಾಡಿದವನೇ ಮೊದಲು ಪರೀಕ್ಷಿಸಬೇಕು. ಸ್ಟೂಲು ಮಾಡಿದವನು ಅದರ ಮೇಲೆ ಕೂರಬೇಕು, ಏಣಿ ಮಾಡಿದವನು ಅದನ್ನು ಏರಬೇಕು. ನಿಪ್ಪಾಣಿಯ ಔಷಧದ ಅಂಗಡಿಯ ಶೀತಲ, ಕ್ಲಾಸಿನ ಜಾಣ ವಿದ್ಯಾರ್ಥಿ, ತಾನು ಮಾಡಿದ ಏಣಿ ಏರಿ ಮೇಲೆ ಮುಟ್ಟಿದ. ಕೆಳಗೆ ಬರುವಾಗ ಏಣಿ ಅವನಿಗಿಂತ ಮುಂಚೆ ಬಂದಿತ್ತು. ಪಾಪ, ತನ್ನ ಅಂಗಡಿಯ ಮುಲಾಮನ್ನು ತಾನೇ ಕೊಂಡು ಹಚ್ಚಿಕೊಂಡ.

ಧರೆಪ್ಪನ ವಿದ್ಯಾಭ್ಯಾಸವೂ ಸಾಗಿತು. ರಂದಾ ಹಿಡಿದು ಹಲಗೆಯನ್ನು ನಯ ಮಾಡಲು ಕೂತರೆ, ನಯವಾಗುವ ಹೊತ್ತಿಗೆ ಹಲಗೆ ಹಪ್ಪಳವಾಗಿರುತ್ತಿತ್ತು. ಒಂದು ಮಣೆ ಮಾಡಿದ. ಅದರ ಒಂದು ಕಾಲು ಅಥಣಿಗೆ ಮುಖ ಮಾಡಿತ್ತು, ಒಂದು ರಾಯಬಾಗಕ್ಕೆ, ಒಂದು ಚಿಕ್ಕೋಡಿಗೆ. ನಾಲ್ಕನೆಯದು ಗಡಿ ದಾಟಿ ಮಹಾರಾಷ್ಟ್ರ ಸೇರುವ ತಯಾರಿಯಲ್ಲಿತ್ತು.

“ಇದರ ಮ್ಯಾಲ ಕುಂತ್ರ ಯಾ ಕಡಿ ಬೀಳತೇವಿ?” ಎಂದು ಕೇಳಿದಳು ಗೌರಾಬಾಯಿ.

“ಅದು ಕುಂತವರ ಇಚ್ಛಾ.”

ನಗಬೇಡಿ. ಅವನು ಬೈಸಿಕೊಂಡ, ಆದರೆ ಬಿಡಲಿಲ್ಲ. ಕಾಸಿಮಸಾಬರೂ ಬೈದರು, ಆದರೆ ಬಿಡಲಿಲ್ಲ. ಅವನ ಬೆನ್ನ ಹಿಂದೆ ನಿಂತು, ಅವನ ಎರಡೂ ಕೈ ಹಿಡಿದು, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವಂತೆ ಗರಗಸ ಎಳೆಸುತ್ತಿದ್ದರು. ಕೊನೆಗೊಮ್ಮೆ ಬೇವಿನ ಕಟ್ಟಿಗೆಯ ತೊಟ್ಟಿಲು ರೂಪು ತಳೆಯಿತು. ಅಷ್ಟರಲ್ಲಿ ಸ್ನೇಹಲಳೂ ಹಡೆದಳು. ಗಂಡು ಕೂಸು. ಹೆಸರಿಡುವ ದಿನ ನಿಶ್ಚಯವಾಯಿತು, ಶಿರಗುಪ್ಪಿಗೆ ಕರೆ ಹೋಯಿತು.

ಹೆಸರಿಡುವುದರ ಹಿಂದಿನ ದಿನ ಭಾನುವಾರ. ಕಾಸಿಮಸಾಬರು ತೊಟ್ಟಿಲನ್ನು ಕಾರಖಾನೆಯ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟರು. ಮೂಲೆಗಳನ್ನು ಅಲುಗಿಸಿ ನೋಡಿದರು. ಅಲುಗಲಿಲ್ಲ. ಗುದ್ದಿದರು. ಊಹೂಂ.

“ಭಲೇ ಕಂಟ್ರೋಲರ ಸಾಹೇಬರ! ನೋಡ್ರೋ, ಜೋಡಣಿ ಅಂದ್ರ ಹಿಂಗ ಇರಬೇಕು! ಹತ್ತರ್ರಿ ಇನ್ನ.”

“ಎಲ್ಲಿ?”

“ತೊಟ್ಟಲದಾಗ. ಕಾನೂನು ಕಾನೂನs. ಖಾಲಿ ತೊಟ್ಟಲಾ ತೂಗಬಾರದು ಅಂತಾರ, ತೂಗದ ಪರೀಕ್ಷಾ ಆಗಾಂಗಿಲ್ಲ. ಅದಕ್ಕ ನೀವ ಮಲಗರಿ.”

ಆರಡಿ ಧರೆಪ್ಪ ಅರ್ಧಕ್ಕೆ ಮಡಚಿಕೊಂಡು, ಮೊಣಕಾಲನ್ನು ಗದ್ದಕ್ಕೆ ತಂದು, ತೊಟ್ಟಿಲೊಳಗೆ ಇಳಿದ. ಕಾಸಿಮಸಾಬರು ತೂಗಿದರು. ತೊಲೆ ಕಿರ್ರೆಂದಿತು, ಸರಪಳಿ ಗುರ್ರೆಂದಿತು, ತೊಟ್ಟಿಲು ಮಾತ್ರ ಚಕಾರ ಎತ್ತಲಿಲ್ಲ. ಶಿಷ್ಯರೆಲ್ಲ ಚಪ್ಪಾಳೆ ತಟ್ಟಿದರು. ಯಾರೋ ಜೋಗುಳ ಶುರು ಮಾಡಿದರು. ಧರೆಪ್ಪನಿಗೆ ಆ ಗಳಿಗೆಯಲ್ಲಿ ಆದ ಸುಖ ಹೇಳತೀರದು. ಕಣ್ಣು ಕೂಡ ಹತ್ತುವುದರಲ್ಲಿತ್ತು.

“ಸಾಕ, ಇಳೀರಿ,” ಎಂದರು ಸಾಬರು.

ಧರೆಪ್ಪ ಎದ್ದ. ಅಂದರೆ, ಎದ್ದೆನೆಂದುಕೊಂಡ. ಮೈಯೊಳಗೆ ಕುತ್ತಿಗೆಯೊಂದೇ ಎದ್ದಿತ್ತು. ಉಳಿದ ಧರೆಪ್ಪ ಬಾಟಲಿಗೆ ಬೂಚು ಕೂತಂತೆ ಎರಡು ಪಕ್ಕದ ಹಲಗೆಗಳ ನಡುವೆ ಭದ್ರವಾಗಿ ಕೂತುಬಿಟ್ಟಿದ್ದ. ಇಬ್ಬರು ಕೈ ಹಿಡಿದು ಎಳೆದರು, ಇಬ್ಬರು ಕಾಲು ಎಳೆದರು. ಧರೆಪ್ಪ ಉದ್ದವಾದನೇ ಹೊರತು ಹೊರಗೆ ಬರಲಿಲ್ಲ.

ಅಷ್ಟರಲ್ಲಿ, ತೊಟ್ಟಿಲನ್ನು ಮನೆಗೆ ಒಯ್ಯುವ ಮೊದಲು ಅರಿಶಿನ-ಕುಂಕುಮ ಹಚ್ಚೋಣವೆಂದು ಗೌರಾಬಾಯಿ ಹಾರೂಗೇರಿಯಿಂದ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು.

“ಇದೇನ್ರಿ ನಿಮ್ಮ ಅವತಾರ?”

“ಪರೀಕ್ಷಾ ನಡದೈತಿ.”

“ಪಾಸಾದ್ರೋ ಇಲ್ಲೋ?”

“ಪಾಸಾಗೇನಿ. ಹೊರಗ ಬರಾಕ ಆಗವಲ್ದು.”

“ಚಿಂತಿ ಮಾಡಬ್ಯಾಡ್ರಿ ಅಕ್ಕಾರ,” ಎಂದು ಕಾಸಿಮಸಾಬರು ಎದೆಯುಬ್ಬಿಸಿದರು. “ನಮ್ಮ ವಿದ್ಯಾದ ಚಂದ ಇರೂದs ಇಲ್ಲಿ. ಮೊಳಿ ಇಲ್ಲ, ಏನಿಲ್ಲ. ಎರಡು ಬೆಣಿ ಬಡದ ತಗದ್ರ ತೊಟ್ಟಲಾ ಹೂವಿನಂಗ ಅರಳತೈತಿ.”

ಬೆಣೆ ಬಡಿದು ತೆಗೆದರು. ಹೂವು ಅರಳಲಿಲ್ಲ. ಇನ್ನೊಂದು ಬೆಣೆ ತೆಗೆದರು. ಮೊಗ್ಗು ಮೊಗ್ಗಾಗಿಯೇ ಇತ್ತು. ಸಾಬರು ಮೂಲೆಯ ಹತ್ತಿರ ಮುಖ ಒಯ್ದು, ಉಗುರಿನಿಂದ ಕೆರೆದು ನೋಡಿದರು. ಕಟ್ಟಿಗೆ ಪುಡಿ ಮತ್ತು ಮೇಣ ಉದುರಿ, ಒಳಗೆ ಕಬ್ಬಿಣ ಮಿಂಚಿತು.



“ಮೊಳಿ?” ಎಂದರು ಸಾಬರು. ಸಾಮಿಲ್ಲಿನ ಕರೆಂಟು ಹೋದಂತಿತ್ತು ದನಿ.

ತೊಟ್ಟಿಲೊಳಗಿಂದ ಧರೆಪ್ಪ ಕ್ಷೀಣವಾಗಿ ನುಡಿದ: “ಕೂಸು ಮಲಗೂದು, ಉಸ್ತಾದ. ನನ್ನ ಕೈಮ್ಯಾಲ ನನಗ ನಂಬಿಕಿ ಬರ್ಲಿಲ್ಲ. ಅದಕ್ಕ ಹೋದ ವಾರ ಮನಿಗೆ ಒಯ್ದು ಪ್ರತಿ ಮೂಲಿಗೂ ಒಂದೀಟು... ಅಂಟೂ ಹಾಕೇನಿ.”

“ನಮ್ಮ ಅಜ್ಜನ ಕಾಲದಿಂದ ಈ ಕಾರಖಾನ್ಯಾಗ ಮೊಳಿ ಅಂದ್ರ ಅಂಗಿ ತೂಗಹಾಕಾಕ ಅಷ್ಟs! ಮತ್ತ ನಾ ಅದs ಮೂಲಿ ನೋಡಿ ಭಲೇ ಅಂದ್ನೆಲ್ಲೋ ಮಾರಾಯಾ!” ಸಾಬರು ಸಿಟ್ಟಿಗೆ ನಡುಗಿದರೋ ನಗೆಗೆ ನಡುಗಿದರೋ ಇಂದಿಗೂ ಇತ್ಯರ್ಥವಾಗಿಲ್ಲ. ನಡುಗಿದ್ದಂತೂ ಖರೆ. ಒಂದು ಪಕ್ಕವನ್ನು ಕೊಯ್ಯದೆ ಬೇರೆ ದಾರಿ ಇರಲಿಲ್ಲ, ಆದರೆ ಆ ಕೈಯಲ್ಲಿ ಗರಗಸ ನಿಲ್ಲುತ್ತಿರಲಿಲ್ಲ.

“ಬ್ಯಾಡ್ರೋ!” ಎಂದು ಕಿರುಚಿದ ಧರೆಪ್ಪ. “ನಾಳೆ ಬೀಗರು ಬರ್ತಾರ, ಗಾಡ್ಯಾಗ ಸ್ಟೀಲಿಂದು ಬರತೈತಿ! ನನ್ನ ಕೊಯ್ಯರಿ, ತೊಟ್ಟಲಾ ಕೊಯ್ಯಬ್ಯಾಡ್ರಿ!”

“ನಿಮ್ಮನ್ನ ಕೊಯ್ದ್ರ ನಾಳೆ ಬೀಗರ ಪಂಕ್ತ್ಯಾಗ ಯಾರನ್ನ ಕುಂದರಸಲಿ?” ಎಂದು ಗೌರಾಬಾಯಿ ಸೆರಗು ಸಿಕ್ಕಿಸಿ ಗರಗಸ ಎತ್ತಿಕೊಂಡಳು. “ಅಲುಗಾಡಬ್ಯಾಡ್ರಿ. ಹೊಟ್ಟಿ ಒಳಗ ಎಳಕೋರಿ.”

ಧರೆಪ್ಪ ಕಣ್ಣು ಮುಚ್ಚಿ ಮನೆದೇವರನ್ನೂ ನೆರೆಮನೆಯವರ ಮನೆದೇವರನ್ನೂ ನೆನೆದ. ಗರ್ರ್, ಗರ್ರ್ ಎಂದು ಗರಗಸ ಅವನ ಪಕ್ಕೆಲುಬಿನ ಪಕ್ಕದಲ್ಲೇ ಓಡಿತು. ಹಲಗೆ ಕಳಚಿತು. ತೊಟ್ಟಿಲು ಓರೆಯಾಯಿತು, ಧರೆಪ್ಪ ಹಲಸಿನ ಹಣ್ಣಿನಂತೆ ಕಟ್ಟಿಗೆ ಪುಡಿಯ ರಾಶಿಗೆ ಉರುಳಿದ.

ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೂ ಅವನ ಕಣ್ಣಲ್ಲಿ ನೀರು. ಮೂರೇ ಪಕ್ಕ ಉಳಿದ ತೊಟ್ಟಿಲು, ಹಳ್ಳಿಯ ಬಸ್ ತಂಗುದಾಣದಂತೆ ಒಂದು ಕಡೆ ಬಯಲಾಗಿ ನೇತಾಡುತ್ತಿತ್ತು. “ಮುಗೀತು. ಫೋನ್ ಮಾಡ ಬೀಗರಿಗೆ. ಸ್ಟೀಲಿಂದು ಮರೀಬ್ಯಾಡ್ರಿ ಅನ್ನು,” ಎಂದ ಹೆಂಡತಿಗೆ.

ಗೌರಾಬಾಯಿ ಫೋನು ತೆಗೆಯಲಿಲ್ಲ. ಕಾಸಿಮಸಾಬರು ಅವಳು ಕೊಯ್ದ ಹಲಗೆಯ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. “ಗೆರಿ ಎಳಿದಂಗ ಕೊಯ್ದೀರಿ ಅಕ್ಕಾರ. ಎಲ್ಲಿ ಕಲತ್ರಿ?”

“ಇವರು ಮನಿಗೆ ತಂದ ಕಟಗಿ ತುಂಡು ಒಲಿಗೆ ಹಿಡಸಬೇಕಲ್ರಿ. ವಾರಾ ವಾರಾ ಕೊಯ್ತಿದ್ನಿ.”

ಸಾಬರು ಒಳಗೆ ಹೋದರು. ಹೊರಗೆ ಬಂದಾಗ ಅವರ ಹೆಗಲ ಮೇಲೆ ಒಂದು ಸಾಗವಾನಿ ಹಲಗೆ ಇತ್ತು. ತಮ್ಮ ಮನೆಯ ಬಾಗಿಲಿಗೆಂದು ಎತ್ತಿಟ್ಟುಕೊಂಡದ್ದು. ಈಗ ಅದನ್ನು ಗೌರಾಬಾಯಿಯ ಮುಂದೆ ಇಟ್ಟು, “ರಂದಾ ಹಿಡೀರಿ, ನಾ ಹೇಳತೇನಿ,” ಎಂದರು. ಶೀತಲ ಅಂಗಡಿಗೆ ಫೋನು ಮಾಡಿ ಬಾಗಿಲು ಎಳೆಸಿದ. ಮನೆಗೆ ಹೊರಟಿದ್ದ ಶಿಷ್ಯರೆಲ್ಲ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು. ಒಬ್ಬರು ಉಳಿ ಮಸೆದರು, ಒಬ್ಬರು ಮೊಳೆಯ ತುದಿಗಳನ್ನು ಕಿತ್ತರು, ಒಬ್ಬರು ಬೆಣೆ ಕೆತ್ತಿದರು. ಗೌರಾಬಾಯಿ ನಾಲಿಗೆ ತೆಗೆದಳು, ಬಾಯಿ ಕೊರೆದಳು. ಧರೆಪ್ಪನಿಗೂ ಒಂದು ಕೆಲಸ ಸಿಕ್ಕಿತು.

“ಹಲಗಿ ಹಿಡಕೊಂಡ ಕುಂದರ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

ಹಿಡಿದುಕೊಂಡು ಕೂತ. ಕೂತಲ್ಲಿಂದಲೇ ನೋಡಿದ. ಯಾರದೋ ಮೊಮ್ಮಗನಿಗಾಗಿ ಇಷ್ಟು ಜನ ಭಾನುವಾರ ಬಿಟ್ಟು ಬೆವರುತ್ತಿದ್ದಾರೆ. ಮೈಕು ಹಿಡಿದು ಜೀವಮಾನವಿಡೀ ಜನರನ್ನು ಅವರವರ ಊರಿಗೆ ಕಳಿಸಿದವನಿಗೆ, ಹೀಗೆ ಕರೆಯದೆ ತಿರುಗಿ ಬಂದ ಜನ ಸಿಕ್ಕಿದ್ದು ಇದೇ ಮೊದಲು. ‘ಥ್ಯಾಂಕ್ಸ್’ ಎನ್ನಲು ಬಾಯಿ ತೆರೆದ. “ಅಲುಗಾಡಬ್ಯಾಡ್ರಿ!” ಎಂದಳು ಗೌರಾಬಾಯಿ. ಹೊತ್ತು ಮುಳುಗುವ ಮೊದಲು ತೊಟ್ಟಿಲಿಗೆ ನಾಲ್ಕನೆಯ ಪಕ್ಕ ಕೂತಿತು, ಒಂದು ಮೊಳೆಯೂ ಇಲ್ಲದೆ.

ಮರುದಿನ ಶಿರಗುಪ್ಪಿಯ ಗಾಡಿ ಬಂತು. ಹೆಂಗಸರು ಮೊದಲು ತೊಟ್ಟಿಲಲ್ಲಿ ಗುಂಡಕಲ್ಲು ಮಲಗಿಸಿದರು, ಆಮೇಲೆ ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರೆಂದು ‘ಶಿವರಾಜ’ ಎಂದಳು. ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಹಳೆಯ ಬಾಕಿಗಳನ್ನೂ ಸೇರಿಸಿ. ಶಿವರಾಜ ಒಮ್ಮೆ ಆಕಳಿಸಿ, ಅಷ್ಟು ಗದ್ದಲದಲ್ಲೂ ತಣ್ಣಗೆ ನಿದ್ದೆ ಹೋದ.

ಸಿದ್ದಲಿಂಗ ಬೀಗರು ಎತ್ತು ಕೊಳ್ಳುವವರ ಹಾಗೆ ತೊಟ್ಟಿಲ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ತಟ್ಟಿದರು, ಬಗ್ಗಿ ನೋಡಿದರು. ನಾಲ್ಕನೆಯ ಪಕ್ಕದ ಹತ್ತಿರ ನಿಂತೇಬಿಟ್ಟರು.

“ಗಾಡ್ಯಾಗಿಂದು ಗಾಡ್ಯಾಗs ಇರ್ಲಿ,” ಎಂದು ಧರೆಪ್ಪನಿಗೆ ಕೈಮುಗಿದರು. “ಗೆದ್ರಿ ಬೀಗರ! ಈ ಕಡಿ ನೋಡ್ರಿ, ಏನ ಜೋಡಣಿ, ಏನ ನಯ! ಇಂಥಾ ಕೈ ಇಟಗೊಂಡ ಬಸ್ ಸ್ಟ್ಯಾಂಡಿನ್ಯಾಗ ಯಾಕ ಕುಂತಿದ್ರಿ?”

ಶಿಷ್ಯರ ಸಮೇತ ಪಂಕ್ತಿಯಲ್ಲಿ ಕೂತಿದ್ದ ಕಾಸಿಮಸಾಬರ ಹುಗ್ಗಿಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಶೀತಲ ತಲೆಯೆತ್ತಿ ಮಾಡಿನ ಜಂತಿ ಎಣಿಸತೊಡಗಿದ. ಗೌರಾಬಾಯಿ ಗಂಡನ ಮಾನ ಉಳಿಸಲು “ಹೌದ್ರಿ, ಅವರs...” ಎಂದು ಶುರು ಮಾಡಿದಳು. ‘ಹೂಂ’ ಎಂದಿದ್ದರೆ ಮುಗಿದಿತ್ತು. ಧರೆಪ್ಪ ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಮಲಗಿದ ಕೂಸನ್ನು ನೋಡಿದ.

“ಅದು ನಂದಲ್ರಿ,” ಎಂದ. “ನಿಮ್ಮ ಬೀಗತಿ ಮಾಡಿದ್ದು. ಕಟಗಿ ಉಸ್ತಾದರದು. ಬೆಣಿ ಇವರೆಲ್ಲಾರದೂ. ಅವರಿಲ್ಲಂದ್ರ ಇವತ್ತ ಈ ಕೂಸು ನಿಮ್ಮ ಸ್ಟೀಲಿನದ್ರಾಗ ಇರತಿತ್ತು.”

ಬೀಗರು ಗೌರಾಬಾಯಿಯನ್ನು ಕಣ್ಣರಳಿಸಿ ನೋಡಿ, ಅವಳಿಗೂ ಕೈಮುಗಿದು, ಮತ್ತೆ ಉಳಿದ ಮೂರು ಪಕ್ಕಗಳ ಕಡೆ ತಿರುಗಿದರು. ಒಂದು ಮೂಲೆಯಲ್ಲಿ ಬೆರಳಾಡಿಸಿದರು.

“ಮತ್ತ ಈ ಮೂರು ಕಡಿ ಯಾರ ಮಾಡ್ಯಾರ? ಈ ಉಸ್ತಾದರ ಕಡೆ ಕಲಿಯಾಕ ಬಂದ ಸಣ್ಣ ಹುಡುಗ ಇರಬೇಕು. ಇರ್ಲಿ ಬಿಡ್ರಿ, ಪಾಪ, ಬೈಬ್ಯಾಡ್ರಿ ಅಂವಗ.”

“ಅಂವಾ ನಾನ ರೀ,” ಎಂದ ಧರೆಪ್ಪ.

ಸಿದ್ದಲಿಂಗ ಬೀಗರು ಅವನನ್ನು ಮೇಲಿಂದ ಕೆಳಗೆ, ಆ ನರೆತ ಮೀಸೆಯಿಂದ ಆ ಬರಿಗಾಲಿನವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಬಹಳ ಅಂತಃಕರಣದಿಂದ ಅವನ ಬೆನ್ನು ತಟ್ಟಿ ಹೇಳಿದರು:

“ಕಲೀತೀರಿ ಬಿಡ್ರಿ ಬೀಗರ, ಇನ್ನೂ ವಯಸ್ಸೈತಿ.”