ನೀರಿನ ಪರೀಕ್ಷೆಗೆ ಹೊರಟ ಪುಕ್ಕಲಿ

ಧೈರ್ಯವಂತರಿಗೆ ಇಂಥವೆಲ್ಲ ಯಾವಾಗಲೋ ಒಂದ್ಸಲ ಆಗ್ತಾವೇನೋ, ನನ್ನಂಥ ಪುಕ್ಕಲಿಗೆ ಮಾತ್ರ ಆಗ್ತಾನೇ ಇರ್ತಾವೆ. ಯಲಹಂಕದ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ದೂರದ ಹಳ್ಳಿಗಳಿಗೆ ಹೋಗಿ ಕುಡಿಯೋ ನೀರನ್ನ ಪರೀಕ್ಷೆ ಮಾಡೋದು, ಕೆಟ್ಟಿದ್ರೆ ಅಲ್ಲೊಂದು ಶುದ್ಧ ನೀರಿನ ಘಟಕ ಹಾಕಿಸೋದು. ಕೇಳೋಕೆ ಪುಣ್ಯದ ಕೆಲಸ. ಆದ್ರೆ ನೀರೊಳಗೆ ಏನೇನೆಲ್ಲ ಇರುತ್ತೆ ಅಂತ ತಿಳ್ಕೊಂಡ ಮೇಲೆ ನನಗೆ ನೀರು ಕಂಡ್ರೇ ಭಯ. ಮದುವೆ ಮನೆಯಲ್ಲಿ ಪಾನಕ ಕೊಟ್ರೆ ಲೋಟದೊಳಗೆ ಇಣುಕಿ ನೋಡ್ತೀನಿ. ಪಾನಿಪೂರಿ ಬಿಟ್ಟು ಯಾವ ಕಾಲವಾಯ್ತೋ. ಪಾಪ, ನನ್ನ ಕಟ್ಕೊಂಡ ತಪ್ಪಿಗೆ ನಮ್ಮ ಯಜಮಾನ್ರೂ ಬಿಟ್ಟಿದ್ದಾರೆ.

ಇಷ್ಟು ವರ್ಷದಲ್ಲಿ ನನ್ನನ್ನ ಅತಿ ಹೆಚ್ಚು ಹೆದರಿಸಿದ್ದು ಒಂದೇ ಊರು, ಆ ಊರಿನ ಒಬ್ಬರೇ ಅಜ್ಜಿ.

ಕುದಿಸಿದ ಟೀ

ಆ ಊರು ದೊಡ್ಡಬಳ್ಳಾಪುರ ದಾಟಿ, ಟಾರು ರಸ್ತೆ ಮುಗಿದು, ಗುಡ್ಡ ಸುತ್ತಿಕೊಂಡು ಹೋದ್ರೆ ಸಿಗುತ್ತೆ. ಊರಿಗೆಲ್ಲ ಒಂದೇ ತೆರೆದ ಬಾವಿ, ಅದರ ಪಕ್ಕದಲ್ಲೇ ತಿಪ್ಪೆ. ಮಳೆ ಬಂದಾಗ ತಿಪ್ಪೆಯ ನೀರು ಎತ್ತ ಹರಿಯುತ್ತೆ ಅಂತ ನಾನು ಬೇರೆ ಹೇಳ್ಬೇಕಾಗಿಲ್ಲ. ಬಾವಿಯ ಎದುರು ಮನೆ ಈ ಅಜ್ಜಿಯದು. ಊರಮ್ಮನ ಗುಡಿಯ ಪೂಜೆ ಅವರ ಮನೆತನದ್ದು, ಹಾಗಾಗಿ ಅವರು ಹೂಂ ಅಂದ್ರೇನೇ ಊರಿನವರೂ ಹೂಂ ಅನ್ನೋದು.

ನಾನು ಮೊದಲ ಸಲ ಹೋದಾಗ ಅಜ್ಜಿಯ ಪುಟ್ಟ ಮೊಮ್ಮಗಳು ವಾಂತಿ ಭೇದಿ ಆಗಿ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸ್ಕೊಂಡು ಆಗಷ್ಟೇ ವಾಪಸ್ ಬಂದಿದ್ಲು. ಆ ಮಗು ಜಗಲಿ ಮೇಲೆ ಬಾಡಿದ ಸೊಪ್ಪಿನ ಹಾಗೆ ಮಲಗಿತ್ತು. ಇನ್ನೊಂದು ಸಲ ಹೀಗಾದ್ರೆ ಮಗು ಉಳಿಯುತ್ತೋ ಇಲ್ವೋ ಅನ್ನೋ ಭಯ ಅವತ್ತು ನನ್ನೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡೋದು ಆ ಕಡೆಯ ಪದ್ಧತಿ. ಅಜ್ಜಿ ಚೊಂಬು ಹಿಡ್ಕೊಂಡು ಬಂದ್ರು. ಬೇಡ ಅಂದ್ರೆ ಅವರಿಗೆ ಅವಮಾನ, ಕುಡಿದ್ರೆ ನನ್ನ ಗತಿ ಗೋವಿಂದ. ತಕ್ಷಣ ತಲೆ ಓಡಿಸಿ, ನೀರು ಬೇಡ ಅಜ್ಜಿ, ಒಂದು ಲೋಟ ಟೀ ಕೊಡಿ ಅಂದೆ. ಅಜ್ಜಿಗೆ ಖುಷಿಯೋ ಖುಷಿ. ಚೆನ್ನಾಗಿ ಕುದಿಸಿ, ನನಗೆ ಕುದ್ದ ಟೀನೇ ಇಷ್ಟ ಅಂತ ಒಲೆ ತನಕ ಹೋಗಿ ಹೇಳಿ ಬಂದೆ. ಟೀ ಬಂತು. ಬಿಸಿ ಹದವಾಗಿತ್ತು, ಗಟಗಟ ಕುಡಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮನಸ್ಸಲ್ಲಿ ಭೇಷ್ ಅಂದ್ಕೊಂಡೆ. ಲೋಟ ಕೆಳಗಿಟ್ಟಾಗ ಅಜ್ಜಿ ಸೆರಗಲ್ಲಿ ಕೈ ಒರೆಸ್ಕೊಂಡು ಬಂದು ಅಂದ್ರು:

"ಬಲೇ ಬಿಸಿ ಇತ್ತು, ನಾಲ್ಗೆ ಸುಟ್ಕೊಂಡೀಯ ಅಂತ ಒಂಚೂರು ಬಾವಿ ನೀರು ಬೆರೆಸಿದೀನಿ ಕಣವ್ವ."

ಐಸ್ ಡಬ್ಬಿ

ಬಾವಿಯಿಂದ ತೆಗೆದ ನೀರನ್ನ ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಅವತ್ತೇ ಲ್ಯಾಬಿಗೆ ಮುಟ್ಟಿಸ್ಬೇಕು. ತಡವಾದ್ರೆ ಆ ನೀರು ನಡೆಯೋದಿಲ್ಲ, ಮತ್ತೆ ಹೋಗಿ ತರಬೇಕು. ಮತ್ತೆ ಹೋಗೋದು ಅಂದ್ರೆ ಮತ್ತೆ ಟೀ.

ಲ್ಯಾಬ್ ಇರೋದು ಯಶವಂತಪುರದಲ್ಲಿ. ಹೆಬ್ಬಾಳ ಹೇಗೋ ದಾಟಿದ್ವಿ, ಗೊರಗುಂಟೆಪಾಳ್ಯದಲ್ಲಿ ಗಾಡಿ ನಿಂತಿದ್ದು ನಿಂತೇ ಹೋಯ್ತು. ಡಬ್ಬಿಯಲ್ಲಿ ಐಸ್ ಕರಗ್ತಾ ಇದೆ, ನನ್ನ ಹೊಟ್ಟೆಯಲ್ಲಿ ಗುಡುಗುಡು ಶುರುವಾಗಿದೆ. ನಮ್ಮ ಡ್ರೈವರಣ್ಣ ಪುಟ್ಟೇನಹಳ್ಳಿಯವನು, ಯಾರನ್ನ ಬೇಕಾದ್ರೂ ಮಾತಾಡಿಸ್ತಾನೆ. ಇಳಿದು ಹೋಗಿ ಟ್ರಾಫಿಕ್ ಪೊಲೀಸಿನವರ ಹತ್ರ, ಐಸ್ ಡಬ್ಬಿ ಇದೆ ಸಾರ್, ಕರಗೋದ್ರೊಳಗೆ ಮುಟ್ಟಿಸ್ಬೇಕು, ಮಗುವಿನ ಜೀವದ ವಿಷಯ ಅಂತ ಹೇಳ್ದ. ಅದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಆದ್ರೆ ಅವರು ಯಾವುದೋ ಆಸ್ಪತ್ರೆಗೆ ಹೃದಯ ಹೋಗ್ತಿದೆ ಅಂತ ತಿಳ್ಕೊಂಡ್ರು.

ಆಮೇಲೆ ನೋಡಬೇಕಿತ್ತು. ಸೀಟಿ ಊದಿದ್ದೇ ಊದಿದ್ದು, ಲಾರಿಗಳೆಲ್ಲ ಪಕ್ಕಕ್ಕೆ ಸರಿದ್ವು. ಬೈಕ್ ಹತ್ತಿ ನಮ್ಮ ಮುಂದೆ ಅವರೇ ಹೊರಟ್ರು. ಅಕ್ಕಪಕ್ಕದ ಬಸ್ಸಿನ ಕಿಟಕಿಗಳಿಂದ ಜನ ಕೈ ಮುಗೀತಿದ್ದಾರೆ. ನಾನು ಡಬ್ಬಿ ಅಪ್ಪಿಕೊಂಡು ಕೂತಿದ್ದೀನಿ. ನಿಜ ಹೇಳೋಕೆ ನಿಂತ್ರೆ ಐಸ್ ಕರಗುತ್ತೆ, ಹೇಳದಿದ್ರೆ ಪೊಲೀಸ್ ಸ್ಟೇಷನ್ನೇ ಗತಿ ಅಂತ ಒಂದೇ ಸಮ ದಿಗಿಲು. ಲ್ಯಾಬ್ ಗೇಟಿನ ಹತ್ರ ಅವರು ಬೈಕ್ ನಿಲ್ಲಿಸಿದ್ರು. ಟೋಪಿ ತೆಗೆದು, ಡಬ್ಬಿ ಕಡೆ ನೋಡಿ, "ಪಾಪ, ಯಾರದಮ್ಮ?" ಅಂದ್ರು.

"ಬಾವೀದು ಸಾರ್" ಅಂದ ಡ್ರೈವರಣ್ಣ.

ಕಪ್ಪಗಾದ ಸೀಸೆ

ಪುಣ್ಯಕ್ಕೆ ಅವರು ನಕ್ಕು ಕಳಿಸಿದ್ರು. ಆದ್ರೆ ನನ್ನ ಭಯ ಅಲ್ಲಿಗೆ ಮುಗೀಲಿಲ್ಲ. ಲ್ಯಾಬಿಗೆ ಕೊಟ್ಟಿದ್ದು ಸಾಲದು ಅಂತ ನಾವೂ ಒಂದು ಸಣ್ಣ ಸೀಸೆಯಲ್ಲಿ ಅದೇ ನೀರು ತುಂಬಿ ಬೆಚ್ಚಗೆ ಇಡ್ತೀವಿ. ಅದರೊಳಗೆ ಮೊದಲೇ ಔಷಧಿ ಇರುತ್ತೆ, ನೀರಲ್ಲಿ ಕೊಳಕಿದ್ರೆ ಬೆಳಗಾಗೋದ್ರೊಳಗೆ ಕಪ್ಪಗಾಗುತ್ತೆ. ಆಫೀಸಲ್ಲಿ ಕರೆಂಟ್ ಇರಲಿಲ್ಲ ಅಂತ ಸೀಸೇನ ಆರ್.ಟಿ. ನಗರದ ನಮ್ಮ ಮನೆಗೇ ತಂದು ಒಲೆ ಮೇಲಿನ ಶೆಲ್ಫಿನಲ್ಲಿಟ್ಟೆ. ನಮ್ಮತ್ತೆಗೆ ಹೇಳೋದು ಮರೆತೆ.

ಬೆಳಗ್ಗೆ ಎದ್ದು ನೋಡಿದ್ರೆ ಅತ್ತೆ ಅಡುಗೆ ಮನೆ ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ. ಸೀಸೆ ಮಸಿ ಥರ ಕಪ್ಪಗಾಗಿದೆ. ಅದರ ಸುತ್ತ ಅತ್ತೆ ಇಟ್ಟ, ಕುಂಕುಮ ಹಚ್ಚಿದ ನಿಂಬೆಹಣ್ಣು. ನಮ್ಮ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನೋ ಸುದ್ದಿ ಆಗಲೇ ಬೀದಿಗೆ ಮುಟ್ಟಿತ್ತು. ಕೆಳಗಿನ ಅಂಗಡಿ ಭಾಯ್, ನಿಂಬೆಹಣ್ಣಿನ ಜೊತೆಗೆ ಇರ್ಲಿ ಅಂತ ದರ್ಗಾದ ತಾಯತಾನೂ ಕೊಟ್ಟು ಕಳಿಸಿದ್ದ. ನಾನು ಹೆದರಿದ್ದು ಬೇರೆ ಕಾರಣಕ್ಕೆ. ಆ ಮಗು ದಿನಾ ಕುಡೀತಿರೋದು ಇದನ್ನೇ, ನಿನ್ನೆ ನನ್ನ ಹೊಟ್ಟೆಗೆ ಹೋಗಿದ್ದೂ ಇದೇ.

ಇದು ಪರೀಕ್ಷೆ ಅತ್ತೆ, ಮಾಟ ಅಲ್ಲ ಅಂತ ಕೂರಿಸಿ ವಿವರವಾಗಿ ಹೇಳಿದೆ. ಎಲ್ಲ ಕೇಳಿಸ್ಕೊಂಡು ತಲೆ ಆಡಿಸಿದ್ರು. ಮುಂದಿನ ವಾರ ಖಚಿತ ಮಾಡ್ಕೊಳ್ಳೋಕೆ ಅಂತ ಇನ್ನೊಂದು ಸೀಸೆ ಇಟ್ಟೆ, ಅದೂ ಕಪ್ಪಗಾಯ್ತು. ಅತ್ತೆ ಸೀಸೆ ನೋಡಿ ನಿಟ್ಟುಸಿರು ಬಿಟ್ಟು, "ಹೋದ ಸಲ ಭಾಯ್ ಕೊಟ್ಟಿದ್ದು ಒಣಗಿದ ನಿಂಬೆಹಣ್ಣು" ಅಂದ್ರು.

ದೇವರ ಪಾಲು

ಅಂತೂ ಊರಿಗೆ ಘಟಕ ಬಂತು. ಅಜ್ಜಿಯೇ ಮುಂದೆ ನಿಂತು ಮೊದಲ ಕ್ಯಾನ್ ಹಿಡಿದ್ರು, ಊರೆಲ್ಲ ಅವರ ಹಿಂದೆ ಸಾಲು ನಿಂತಿತು. ನನಗೆ ಆನಂದದಲ್ಲಿ ಕಣ್ಣೀರೇ ಬಂತು. ಮುಂದಿನ ಮಳೆಗಾಲದಲ್ಲಿ ಫೋನ್ ಬಂತು, ಮಗು ಮತ್ತೆ ಆಸ್ಪತ್ರೆಯಲ್ಲಿದೆ ಅಂತ.

ಈ ನೀರು ಕುಡೀಬಹುದು ಅಂತ ಹೇಳಿದ್ದು ನಾನು. ಓಡಿಹೋಗಿ ಘಟಕದ ನೀರನ್ನ ಪರೀಕ್ಷೆ ಮಾಡಿದೆ, ಅಲ್ಲೇ ಉಳ್ಕೊಂಡು ಬೆಳಗ್ಗೆ ಸೀಸೆ ನೋಡಿದೆ, ತಿಳಿಯಾಗೇ ಇತ್ತು. ಹಾಗಾದ್ರೆ ಮಗು ಏನು ಕುಡೀತಿದೆ? ಕ್ಯಾನ್ ಹಿಡಿದು ಹೊರಟ ಅಜ್ಜಿ ಹಿಂದೆ ನಾನೂ ಹೋದೆ. ಅಜ್ಜಿ ಮನೆ ದಾಟಿ ಸೀದಾ ಗುಡಿಗೆ ಹೋಗಿ, ಅಷ್ಟೂ ನೀರನ್ನ ಊರಮ್ಮನ ತಲೆ ಮೇಲೆ ಸುರಿದ್ರು. ಹಿಂದೆ ಬಂದವರೂ ಹಾಗೇ ಮಾಡಿದ್ರು.

"ಶುದ್ಧ ನೀರು ಅಂತ ನೀನೇ ಏಳಿದ್ದಲ್ವಾ? ಶುದ್ಧವಾಗಿರೋದು ದೇವ್ರಿಗೆ. ನಮ್ಗೆ ಬಾವೀದು ಸಾಕು" ಅಂದ್ರು ಅಜ್ಜಿ.

ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅಳ್ತಾ ಅಳ್ತಾನೇ ಒಂದು ಉಪಾಯ ಹೊಳೀತು. ಕ್ಯಾನನ್ನ ಅಮ್ಮನ ಮುಂದೆ ಇಟ್ಟು ಪೂಜೆ ಮಾಡಿದ್ರೆ ಅದು ತೀರ್ಥ ಅಲ್ವಾ ಅಜ್ಜಿ, ಆ ತೀರ್ಥಾನ ಮಗೂಗೆ ಒಂದು ಚಮಚದ ಬದಲು ದಿನವಿಡೀ ಕೊಟ್ರೆ ತಪ್ಪಾ ಅಂತ ಕೇಳಿದೆ. ಅಜ್ಜಿ ಅಮ್ಮನ ಮುಖ ನೋಡಿದ್ರು. ಆಮೇಲೆ ಕ್ಯಾನಿಗೆ ಕುಂಕುಮ ಇಟ್ರು. ಅವತ್ತಿಂದ ಊರಿನ ಕ್ಯಾನುಗಳೆಲ್ಲ ಗುಡಿಗೆ ಹೋಗಿ, ಕುಂಕುಮ ಇಡಿಸ್ಕೊಂಡು ಮನೆಗೆ ಹೋಗೋಕೆ ಶುರುವಾದ್ವು. ತೀರ್ಥ ಬೇಡ ಅನ್ನೋರು ಯಾರೂ ಇರಲಿಲ್ಲ.

ಮಳೆಗಾಲ ಕಳೆದ ಮೇಲೆ ಹೆದರ್ಕೊಂಡೇ ಹೋದೆ. ಮಗು ಜಗಲಿ ಮೇಲಿರಲಿಲ್ಲ. ಗಾಬರಿಯಲ್ಲಿ ಹುಡುಕಿದೆ. ನೋಡಿದ್ರೆ ಅದು ಬೀದಿಯಲ್ಲಿ ಕೋಳಿ ಅಟ್ಟಿಸ್ಕೊಂಡು ಓಡ್ತಿದೆ, ಕೆನ್ನೆ ತುಂಬಿದೆ. ಆ ಖುಷಿಯಲ್ಲಿ ಅಜ್ಜಿ ಕೊಟ್ಟ ಟೀನ ಹಿಂದೆ ಮುಂದೆ ನೋಡದೆ ಪೂರ್ತಿ ಕುಡಿದೆ. ಕುಡಿದ ಮೇಲೆ ಹೊಳೀತು, ಟೀ ಬಿಸಿ ಯಾಕೋ ಹದವಾಗಿತ್ತಲ್ಲ. ಈಗೇನು ಭಯ, ಮನೆಯಲ್ಲಿರೋದು ಒಳ್ಳೆ ನೀರೇ ಅಂತ ಧೈರ್ಯ ತಂದ್ಕೊಂಡು, ಟೀ ಆರಿಸೋಕೆ ಕ್ಯಾನಿನ ನೀರೇ ಹಾಕಿದ್ದು ತಾನೆ ಅಜ್ಜಿ ಅಂತ ಕೇಳಿದೆ. ಅಜ್ಜಿ ಕೆನ್ನೆ ಕೆನ್ನೆ ಬಡ್ಕೊಂಡ್ರು.

"ತೀರ್ಥಾನ ಟೀಗೆ ಉಯ್ತಾರಾ? ನಿಂಗೆ ಬಾವೀದೇ ಕಣವ್ವ, ಎದರ್ಬೇಡ."