ಹೊಲ ನುಂಗಿದ ರಸ್ತೆಯ ಬೆನ್ನು ಹತ್ತಿ

ಹೆದ್ದಾರಿ ಪಕ್ಕ ಬಾಡಿಗೆಗಿರುವವರ ಎದೆ ದಿನಕ್ಕೊಮ್ಮೆಯಾದರೂ ಧಸಕ್ಕೆನ್ನುತ್ತದೆ. ಚಿಕ್ಕಜಾಲದಲ್ಲಿ ನನ್ನ ಎದೆಗೆ ಆ ಕೆಲಸ ಕೊಡುವುದು ಲಾರಿಗಳಲ್ಲ, ಮನೆ ಓನರ್ ತಾಯಿ. ಅವರ ರಾಗಿ ಹೊಲ ಈ ರಸ್ತೆಗೆ ಹೋಗಿದೆ. ಒಂದು ದಿನ ಅಜ್ಜಿ ಮಗನಿಗೆ ಹೇಳಿಯೇಬಿಟ್ಟರು: “ನಮ್ಮೊಲ ನುಂಗಿದ ರೋಡು ಎಲ್ಲಿಗೋಗಿ ಮುಗೀತದೆ ಅಂತ ಸಾಯಾಕ್ ಮುಂಚೆ ನೋಡ್ಬೇಕು ಕಣ್ಲಾ.”

ಓನರ್ “ಕಾಶ್ಮೀರದಲ್ಲಿ” ಅಂದರು. ಸ್ಟೇರಿಂಗ್ ಹಿಡಿಯಲು ಇನ್ನೊಬ್ಬ ಬೇಕಿತ್ತು. ನಾನು ಕೆಲಸ ಮಾಡುವ ಜಾಲಹಳ್ಳಿ ಫ್ಯಾಕ್ಟರಿಯಲ್ಲಿ ರಜೆ ಹಾಕಿಸಿ ನನ್ನನ್ನು ಹಿಡಿದರು.

ಯೂಟರ್ನ್

ಕಾರಿಗೆ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಚಟ್ ಅಂತು. ಕಾಶ್ಮೀರ ಇರುವುದು ಉತ್ತರಕ್ಕೆ. ನಮ್ಮ ಮನೆ ಮುಂದಿನ ರಸ್ತೆ ಹೋಗುವುದು ಯಲಹಂಕದ ಕಡೆಗೆ, ನಡುವೆ ಡಿವೈಡರ್. ಯೂಟರ್ನ್ ಸಿಗುವವರೆಗೆ ದಕ್ಷಿಣಕ್ಕೇ ಹೋಗಿ, ಟ್ರಾಫಿಕ್ಕಲ್ಲಿ ನಿಂತು, ತಿರುಗಿ ನಮ್ಮ ಮನೆಯ ಎದುರು ಬದಿಗೇ ಬಂದೆವು. ಅಷ್ಟರಲ್ಲಿ ಬೀಳ್ಕೊಡಲು ಬಂದವರೆಲ್ಲ ಕಾಫಿ ಕುಡಿದು ಹೋಗಿದ್ದರು. ಅಜ್ಜಿ ಕಿಟಕಿಯಿಂದ ನೋಡಿ ಗಾಬರಿಯಾದರು: “ಅಯ್ಯೋ, ಕಾಶ್ಮೀರ ನಮ್ಮನೆ ಎದುರ್ಗೇ ಐತೇನ್ಲಾ?”

ಮುದ್ದೆ

ನಾಗಪುರ ದಾಟಿದ ಮೇಲೆ ಒಂದು ಢಾಬಾ. ಊಟ ಹೇಳಿ ತಿರುಗಿದರೆ ಅಜ್ಜಿ ಇಲ್ಲ! “ಗುರು, ಅಮ್ಮ ಎಲ್ಲಿ ಗುರು?” ಓನರ್ ಬೆವತುಹೋದರು. ಅವರು ಲಾರಿಗಳ ಕಡೆ ಓಡಿದರು, ನಾನು ಹಿತ್ತಲ ಕಡೆ.

ಅಜ್ಜಿ ಇದ್ದದ್ದು ಢಾಬಾದ ಅಡುಗೆಮನೆಯಲ್ಲಿ. ನಮ್ಮ ಚೀಲದ ರಾಗಿಹಿಟ್ಟು ಢಾಬಾದವರ ಪಾತ್ರೆಗೆ ಬಿದ್ದಿತ್ತು. ಅಡುಗೆಯವ ಇಕ್ಕಳದಲ್ಲಿ ಪಾತ್ರೆ ಹಿಡಿದು ನಿಂತಿದ್ದ, ಅಜ್ಜಿ ಕೋಲಿನಿಂದ ತೊಳಸುತ್ತಾ ಅವನನ್ನು ಕನ್ನಡದಲ್ಲೇ ಬೈಯುತ್ತಿದ್ದರು. ಢಾಬಾ ಮಾಲೀಕನಿಗೂ ಒಂದು ಮುದ್ದೆ ಸಿಕ್ಕಿತು. ನುಂಗಬೇಕೆಂದು ಯಾರೂ ಹೇಳಿರಲಿಲ್ಲ, ಪಾಪ ಅಗಿಯತೊಡಗಿದ. ನಾವು ಹೊರಟಾಗ ಹೋಗಿಬನ್ನಿ ಎನ್ನಲು ಕೈ ಎತ್ತಿದ, ಬಾಯಿಗೆ ಇನ್ನೂ ಬಿಡುವಾಗಿರಲಿಲ್ಲ.

ಕೊನೆ

ಶ್ರೀನಗರ. ದೂರದ ಬೆಟ್ಟದ ಮೇಲೆ ಹಿಮ. “ನೋಡಮ್ಮ, ರೋಡು ಮುಗೀತು” ಎಂದರು ಓನರ್. ಅಜ್ಜಿ ಕಣ್ಣಲ್ಲಿ ನೀರು ಬಂತು. ಟೀ ಕೊಡುತ್ತಿದ್ದವನು ಹಿಂದಿಯಲ್ಲಿ ಏನೋ ಅಂದ. ನಾನು ಸುಮ್ಮನಿರಬೇಕಿತ್ತು.

“ರೋಡು ಇಲ್ಲಿಂದ ಶುರುವಂತೆ ಅಜ್ಜಿ. ಮುಗಿಯೋದು ಕನ್ಯಾಕುಮಾರೀಲಂತೆ.”

ಅಜ್ಜಿಯ ಕಣ್ಣೀರು ಅಲ್ಲೇ ನಿಂತಿತು. ಮಗನನ್ನು ದುರುಗುಟ್ಟಿ ನೋಡಿದರು. ವಾಪಸ್ ಬರುವಷ್ಟೂ ದಾರಿ ಅವನ ಜೊತೆ ಮಾತಿಲ್ಲ.

ಚಿಕ್ಕಜಾಲದ ಮನೆ ಮುಂದೆ ಕಾರು ನಿಲ್ಲಿಸಿ, ಸದ್ಯ ಬದುಕಿದೆ ಅಂತ ಬೆಲ್ಟ್ ಬಿಚ್ಚಿದೆ. ಅಜ್ಜಿ ಬಾಗಿಲು ತೆಗೆಯಲಿಲ್ಲ. ಕಿಟಕಿ ಇಳಿಸಿ ಸೊಸೆಯನ್ನು ಕೂಗಿದರು: “ರಾಗಿ ಇಟ್ಟು ಮುಗ್ದೈತೆ, ಒಂದ್ ಚೀಲ ತಂದಾಕವ್ವ.”

ಆಮೇಲೆ ನನ್ನ ಭುಜ ತಟ್ಟಿದರು: “ನಡಿಯಪ್ಪ, ಈ ಸಲ ಯೂಟರ್ನೂ ಬೇಕಾಗಿಲ್ಲ.”