ಶಾಲೆ ತೆರೆಯಬಾರದೆಂದೂ, ತೆರೆಯಲೇಬೇಕೆಂದೂ

ಕೈಬರಹ ಚೆನ್ನಾಗಿರುವವನಿಗೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವುದು ಬಹಳ ಕಷ್ಟ. ಅನುಭವದಿಂದ ಹೇಳುತ್ತಿದ್ದೇನೆ. ಊರಿನವರೆಲ್ಲ ತಮ್ಮ ತಮ್ಮ ಅಭಿಪ್ರಾಯಗಳನ್ನು ತಂದು ಅವನ ಮುಂದೆ ಸುರಿಯುತ್ತಾರೆ. ಅವನು ಅವಕ್ಕೆ ಒತ್ತು, ದೀರ್ಘ, ವಿಭಕ್ತಿ ಪ್ರತ್ಯಯ ಎಲ್ಲ ಹಚ್ಚಿ, ಕೊನೆಗೆ ‘ತಮ್ಮ ವಿಶ್ವಾಸಿಗಳು’ ಎಂದು ಬರೆದು ಕೈಗಿಡಬೇಕು. ನನ್ನ ಮನೆ ಗೌರಿಬಿದನೂರಿನಲ್ಲಿ. ತೊಂಡೇಬಾವಿಯಿಂದಾಚೆಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಕನ್ನಡ ಮೇಷ್ಟ್ರು. ಇಷ್ಟು ವರ್ಷದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದಕ್ಕೆ, ಬಸ್ಸು ನಿಲ್ಲಿಸದೆ ಹೋಗುವುದಕ್ಕೆ, ಒಬ್ಬರ ದ್ರಾಕ್ಷಿ ತೋಟಕ್ಕೆ ಇನ್ನೊಬ್ಬರ ಹಸು ನುಗ್ಗಿದ್ದಕ್ಕೆ, ಎಲ್ಲಕ್ಕೂ ಅರ್ಜಿ ಬರೆದಿದ್ದೇನೆ. ಅರ್ಜಿ ಬರೆದು ಬರೆದು ಕೈಗೆ ಎಂಥ ರೂಢಿಯಾಗಿತ್ತೆಂದರೆ, ಒಮ್ಮೆ ಪಕ್ಕದ ಬೀದಿಯವರ ಮಗಳ ಲಗ್ನಪತ್ರಿಕೆ ಬರೆದುಕೊಡುವಾಗ, ‘ತಾವುಗಳು ಸಕುಟುಂಬ ಸಮೇತರಾಗಿ ಆಗಮಿಸಿ’ ಎಂದ ಮೇಲೆ ಕೈ ತಾನಾಗಿಯೇ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಬರೆದುಬಿಟ್ಟಿತು. ಹುಡುಗಿಯ ತಂದೆ ಓದಿ ನೋಡದೆ ಅಚ್ಚು ಹಾಕಿಸಿದರು. ಮದುವೆ ಚೆನ್ನಾಗಿಯೇ ನಡೆಯಿತು. ಕ್ರಮ ಕೈಗೊಂಡಿರಬೇಕು, ಈಗ ಇಬ್ಬರು ಮಕ್ಕಳು.

ಹೀಗೆ ಪರರ ಸಂಕಟಗಳನ್ನು ದುಂಡಗೆ ಬರೆಯುತ್ತ ನೆಮ್ಮದಿಯಾಗಿದ್ದವನಿಗೆ ಕೊರೊನಾ ಬಂದ ಮೇಲೆ ತೊಂದರೆಯಾಯಿತು. ಎರಡನೆಯ ಅಲೆ ಇಳಿಯುತ್ತಿದ್ದ ದಿನಗಳು. ಬೆಳಿಗ್ಗೆ ಟಿ.ವಿ.ಯಲ್ಲಿ ಶಾಲೆ ತೆರೆಯುತ್ತಾರೆ ಎನ್ನುವರು, ಸಂಜೆಗೆ ಇಲ್ಲ ಎನ್ನುವರು. ನಡುವೆ ಒಂದು ಭಾನುವಾರ ನಮ್ಮ ಹೆಡ್‌ಮಾಸ್ಟರ್ ನಂಜುಂಡಪ್ಪನವರು ಫೋನು ಮಾಡಿ, “ಎಲ್ರೂ ಶಾಲೆಗೆ ಬನ್ನಿ, ಊರೋರಿಗೆ ಗೊತ್ತಾಗೋದು ಬೇಡ” ಎಂದರು. ಅವರಿಗೆ ನಿವೃತ್ತಿ ಹತ್ತಿರದಲ್ಲಿತ್ತು. ರೈಲು ಇರಲಿಲ್ಲವಾದ್ದರಿಂದ ನಾನು ನಮ್ಮ ಪಿ.ಟಿ. ಮೇಷ್ಟ್ರು ರಹಮತ್ ಅವರ ಬೈಕಿನ ಹಿಂದೆ ಕೂತು ಹೋದೆ. ಊರಿನವರಿಗೆ ತಿಳಿಯಬಾರದೆಂದು ಶಾಲೆ ಇನ್ನೂ ಬಹಳ ದೂರವಿರುವಾಗಲೇ ರಹಮತ್ ಗಾಡಿ ಆಫ್ ಮಾಡಿದರು. ಇಬ್ಬರೂ ಅದನ್ನು ತಳ್ಳಿಕೊಂಡು ಬರುವುದನ್ನು ಇಡೀ ಬೀದಿ ಬಾಗಿಲಿಗೆ ಬಂದು ನೋಡಿತು.

ದೊಡ್ಡ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆಗೆ ಕೂತೆವು. “ನಾವಿನ್ನೂ ರೆಡಿ ಇಲ್ಲ ಅಂತ ಮೇಲಕ್ಕೆ ಒಂದು ಅರ್ಜಿ ಹಾಕಣ. ನಿಮ್ಮ ನಿಮ್ಮ ಆತಂಕ ಏನಿದೆ ಹೇಳ್ರಪ್ಪ, ಕನ್ನಡ ಮೇಷ್ಟ್ರು ಬರ್ಕೊಳ್ತಾರೆ” ಎಂದರು ಹೆಡ್‌ಮಾಸ್ಟರು. ನಾನು ಹಾಳೆಯ ಮೇಲೆ ‘ಆತಂಕಗಳು’ ಎಂದು ಬರೆದು ಅಡಿಗೆರೆ ಎಳೆದೆ. ಮೊದಲು ರಹಮತ್ ಎದ್ದರು. “ಸಾರ್, ಮಕ್ಕಳು ಒಬ್ರನ್ನೊಬ್ರು ಮುಟ್ಟಬಾರ್ದು ಅಂದ್ರೆ ಕಬಡ್ಡೀಲಿ ಔಟ್ ಹೆಂಗೆ ಕೊಡೋದು?” ಈ ಪ್ರಶ್ನೆ ಕಾಲು ಗಂಟೆ ತಿಂದಿತು. ದೂರದಿಂದ ಕೈ ತೋರಿಸಿದರೆ ಔಟ್ ಎನ್ನಬಹುದೆಂದು ಹೆಡ್‌ಮಾಸ್ಟರು ಸೂಚಿಸಿದರು. ಹಾಗಾದರೆ ಎಲ್ಲರೂ ಮನೆಯಲ್ಲೇ ಕೂತು ಆಡಬಹುದಲ್ಲ ಎಂದು ರಹಮತ್ ಬೇಸರಪಟ್ಟರು. ಆಮೇಲೆ ಅದೇ ಊರಿನಲ್ಲಿ ಮನೆಯಿದ್ದ ಗಣಿತದ ಸುಜಾತಾ ಮೇಡಂ ಮೆಲ್ಲಗೆ, “ಬೆಂಚು ಸಾಲಲ್ಲ ಸಾರ್. ಬೆಂಚಿಗೆ ಒಬ್ರಂತೆ ಕೂರಿಸಿದ್ರೆ ಅರ್ಧ ಮಕ್ಕಳು ಹೊರಗೇ ನಿಲ್ಬೇಕು” ಎಂದು ಕಿಟಕಿಯ ಕಡೆ ತಿರುಗಿದರು. ಅವರ ಅಣ್ಣ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ ಐದನೆಯ ದಿನಕ್ಕೆ ಹೋಗಿಬಿಟ್ಟಿದ್ದರು. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ಆ ಮಾತು ಎತ್ತಲಿಲ್ಲ. ನಾನು ನನ್ನ ದುಂಡು ಅಕ್ಷರದಲ್ಲಿ ‘ಬೆಂಚುಗಳ ಕೊರತೆ’ ಎಂದು ಬರೆದುಕೊಂಡೆ.

“ನಿಮ್ಮದೇನು ಮೇಷ್ಟ್ರೇ?” ಎಂದು ಹೆಡ್‌ಮಾಸ್ಟರು ನನ್ನತ್ತ ನೋಡಿದರು. ನನಗೆ ಸಕ್ಕರೆ ಕಾಯಿಲೆಯಿದೆ, ಅದನ್ನು ಹೇಳಬಹುದಿತ್ತು. ಆದರೆ ಲಸಿಕೆ ಎರಡೂ ಸಲ ಹಾಕಿಸಿಕೊಂಡು, ಪ್ರತಿ ಭಾನುವಾರ ಮಟನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಬರುತ್ತಿದ್ದವನು ನಾನು. ನಿಜ ಹೇಳಬೇಕೆಂದರೆ, ನಡುವೆ ಶಾಲೆ ತೆರೆದಿದ್ದ ಕೆಲವು ವಾರ ಬಿಟ್ಟರೆ ಒಂದೂವರೆ ವರ್ಷ ಮನೆಯ ಗೋಡೆಯ ಮುಂದೆ ನಿಂತು ಫೋನಿಗೆ ಪಾಠ ಹೇಳಿ ಅಭ್ಯಾಸವಾಗಿತ್ತು. ಫೋನು ಪ್ರಶ್ನೆ ಕೇಳುವುದಿಲ್ಲ, ಆಕಳಿಸುವುದಿಲ್ಲ. ಮತ್ತೆ ಮಕ್ಕಳೆದುರು ನಿಲ್ಲಬೇಕೆಂದರೆ ಮನಸ್ಸು ಹಿಂದೇಟು ಹಾಕುತ್ತಿತ್ತು. ಅದು ರೋಗದ ಭಯವೋ, ಸೋಮಾರಿತನವೋ, ಮಕ್ಕಳ ಭಯವೋ ತಿಳಿಯುತ್ತಿರಲಿಲ್ಲ. ಮೂರೂ ಹೊಟ್ಟೆಯ ಒಂದೇ ಜಾಗದಲ್ಲಿ ಇರುತ್ತವೆ. ಕೊನೆಗೆ, “ನಂದೂ ಬೆಂಚೇ ಸಾರ್” ಎಂದುಬಿಟ್ಟೆ.

‘ಮಕ್ಕಳ ಆರೋಗ್ಯದ ಹಿತದೃಷ್ಟಿಯಿಂದ ಶಾಲೆ ತೆರೆಯುವುದನ್ನು ಮುಂದೂಡಬೇಕಾಗಿ’ ಎಂದು ಅರ್ಜಿ ತಯಾರಾಯಿತು. ಎಲ್ಲರೂ ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ರಹಮತ್ ಅದನ್ನು ಮೇಲಿನ ಕಚೇರಿಗೆ ತಲುಪಿಸುವುದೆಂದಾಯಿತು. ಹೆಡ್‌ಮಾಸ್ಟರೂ ಮೇಡಮ್ಮೂ ಹೊರಟರು. ರಹಮತ್ ಗಾಡಿಗೆ ಗಾಳಿ ಹಾಕಿಸಲು ಹೋದರು. ನಾನು ಶಾಲೆಯ ಜಗಲಿಯ ಮೇಲೆ ಕೂತೆ.

ಆಗ ಬಂದರು ನಾರಾಯಣಮ್ಮ. ನಮ್ಮ ಒಂಬತ್ತನೇ ತರಗತಿಯ ಭಾರ್ಗವಿಯ ತಾಯಿ, ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಜೊತೆಗೆ ಇನ್ನಿಬ್ಬರು ಹೆಂಗಸರು. ಮೂವರ ಕೈಯಲ್ಲೂ ಪೊರಕೆ.

“ನೀವೆಲ್ಲ ಬಂದಿದ್ದು ನೋಡಿದ್ವಿ ಸಾರ್. ಸ್ಕೂಲು ತೆಗೀತಾವ್ರೆ ಅಂತ ಖುಷಿ ಆಯ್ತು. ನಂಗೂ ಇವತ್ತು ರಜ. ಕಸ ಗುಡಿಸಿ ಕೊಡಣ ಅಂತ ಬಂದ್ವಿ” ಎಂದರು ಆಕೆ.

“ಇನ್ನೂ ಆರ್ಡರ್ ಬಂದಿಲ್ಲ ಕಣಮ್ಮ” ಎಂದೆ. ಆಕೆಯ ಮುಖ ಇಳಿದುಹೋಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟರು.

“ನಾನು ಬೆಳಿಗ್ಗೆ ಫ್ಯಾಕ್ಟ್ರಿ ಬಸ್ಸು ಹತ್ತಿದ್ರೆ ಬರೋದು ಸಾಯಂಕಾಲ ಸಾರ್. ಫೋನು ನನ್ ಜೊತೇಲೇ ಬರ್ತದೆ, ಅವ್ಳಿಗೆ ಪಾಠ ಎಲ್ಲಿಂದ ಬಂತು? ನಿಮ್ಮ ವಿಡಿಯೋ ಎಲ್ಲ ಊಟದ ಟೈಮಲ್ಲಿ ನಾನೇ ನೋಡ್ತೀನಿ. ಸವರ್ಣದೀರ್ಘ ಸಂಧಿ ನಂಗೆ ಬಂದೈತೆ, ಅವ್ಳಿಗೆ ಬಂದಿಲ್ಲ.”

ಒಂದೂವರೆ ವರ್ಷದ ನನ್ನ ಪಾಠ ಹೋಗಿ ತಲುಪಿದ್ದು ಫ್ಯಾಕ್ಟರಿಯ ಊಟದ ಕೋಣೆಗೆ ಎಂದು ಆವತ್ತು ತಿಳಿಯಿತು. ಅಷ್ಟರಲ್ಲಿ ಆಕೆ ದನಿ ತಗ್ಗಿಸಿ ಹೇಳಿದರು: “ನಮ್ಮತ್ತೆ ‘ಓದು ನಿಂತೋಯ್ತಲ್ಲ, ಇನ್ಯಾಕೆ ಮನೇಲಿ ಕೂರಿಸ್ಕೊಂಡಿದ್ದೀಯ’ ಅಂತ ಹಿಂದೂಪುರದ ಕಡೆ ಗಂಡು ನೋಡಿಟ್ಟವ್ರೆ ಸಾರ್. ಹದಿನಾಲ್ಕು ತುಂಬಿಲ್ಲ ಅವ್ಳಿಗೆ. ನಾಳೆ ತೆಗೀತಾರೆ, ನಾಡಿದ್ದು ತೆಗೀತಾರೆ ಅಂತ ಹೇಳ್ಕೊಂಡು ತಡೆದಿಟ್ಟಿದೀನಿ. ಎಷ್ಟು ದಿನ ಅಂತ ಹೇಳ್ಲಿ? ನೀವೇ ಒಂದು ಅರ್ಜಿ ಬರ್ಕೊಡಿ ಸಾರ್, ಬೇಗ ಸ್ಕೂಲು ತೆಗೀರಿ ಅಂತ. ನಾವೇ ಮನೆಮನೆಗೂ ಹೋಗಿ ಸೈನ್ ಹಾಕಿಸ್ಕೊಂಡು ನಾಳೆ ಕೊಟ್ಬರ್ತೀವಿ.”

‘ಅಮ್ಮಾ, ತೆಗೆಯಬೇಡಿ ಎಂದು ಈಗಷ್ಟೇ ಬರೆದು ಮುಗಿಸಿದೆ’ ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಕೈ ಮಾತ್ರ ಎದ್ದಿತು. ಅದೇ ಪೆನ್ನು, ಅದೇ ಪುಸ್ತಕದಿಂದ ಹರಿದ ಇನ್ನೊಂದು ಹಾಳೆ. ‘ಮಕ್ಕಳ ಭವಿಷ್ಯದ ಹಿತದೃಷ್ಟಿಯಿಂದ ಶಾಲೆಯನ್ನು ಕೂಡಲೇ ತೆರೆಯಬೇಕಾಗಿ’ ಎಂದು ಶುರು ಮಾಡಿದೆ. ಆರೋಗ್ಯ ಹೋಗಿ ಭವಿಷ್ಯ ಬಂತು, ಉಳಿದದ್ದೆಲ್ಲ ಹಾಗೇ ಇರುತ್ತದೆಂದು ತಿಳಿದಿದ್ದೆ. ಆದರೆ ಬರೆಯುತ್ತ ಬರೆಯುತ್ತ ಅದು ಬೇರೆಯೇ ದಾರಿ ಹಿಡಿಯಿತು. ಒಬ್ಬಳೇ ಮನೆಯಲ್ಲಿ ಕೂರುವ ಹುಡುಗಿ ಬಂದಳು, ತಾಯಿಯ ಚೀಲದಲ್ಲಿ ಹೋಗಿಬರುವ ಪಾಠ ಬಂತು, ಗಂಡು ನೋಡಿಟ್ಟ ಅಜ್ಜಿಯೂ ಹೆಸರಿಲ್ಲದೆ ಬಂದರು. ಓದಿ ಹೇಳಿದಾಗ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಬಾಗಾ ರಾಸಿನಾರು ಸಾರ್” ಎಂದು ತೆಲುಗಿನಲ್ಲೇ ಮೆಚ್ಚಿದಳು. ನಾನೂ ಕನ್ನಡಕ ಒರೆಸಿಕೊಂಡೆ. ತಂದ ಪೊರಕೆ ಸುಮ್ಮನೆ ವಾಪಸ್ಸು ಒಯ್ಯುವುದೇಕೆಂದು ಅವರು ನಾಲ್ಕೂ ಕೋಣೆ ಗುಡಿಸಿ ಹೋದರು.

ಸೋಮವಾರ ಮಧ್ಯಾಹ್ನ ರಹಮತ್ ಫೋನು ಮಾಡಿದರು. “ಮೇಷ್ಟ್ರೇ, ಕಚೇರೀಲಿ ನಮ್ಮೂರ ಹೆಂಗಸ್ರು ಬಂದಿದ್ರು. ಯಾರೋ ಅವ್ರಿಗೂ ಅರ್ಜಿ ಬರ್ಕೊಟ್ಟವ್ರೆ. ಏನ್ ಬರ್ದವ್ರೆ ಅಂತೀರ! ಓದಿಸಿ ಕೇಳಿದ್ಮೇಲೆ ನಮ್ಮದನ್ನ ಕೊಡಕ್ಕೆ ನನಗೇ ಮನಸ್ಸು ಬರ್ಲಿಲ್ಲ. ಕೊಟ್ಟೆ, ಬಿಡಿ.” ಹೊಗಳಿಕೆಗೆ ಹಿಗ್ಗಬೇಕೆಂದುಕೊಂಡೆ, ಅರ್ಧದಲ್ಲೇ ಬೆವರು ಬಂತು.

ಬುಧವಾರ ಕಚೇರಿಯಿಂದ ಕರೆ ಬಂತು. ಶಿಕ್ಷಣಾಧಿಕಾರಿ ಸಾಹೇಬರ ಮೇಜಿನ ಮೇಲೆ ಎರಡೂ ಅರ್ಜಿಗಳು ಅಕ್ಕಪಕ್ಕ ಮಲಗಿದ್ದವು. ನನ್ನ ಅಕ್ಷರ ಅವರಿಗೆ ಹಳೆಯ ಪರಿಚಯ.

“ಇದು ಯಾರ ಅಕ್ಷರ ಮೇಷ್ಟ್ರೇ?”

“ನಂದೇ ಸಾರ್.”

“ಇದು?”

“ಅದೂ ನಂದೇ.”

“ಇದ್ರಲ್ಲಿ ನಿಮ್ಮ ಅಭಿಪ್ರಾಯ ಯಾವ್ದು?”

ಯೋಚಿಸಿದೆ. ಎಷ್ಟು ಯೋಚಿಸಿದರೂ ಎರಡೂ ಹೌದು ಅನ್ನಿಸುತ್ತಿತ್ತು. “ಎರಡೂ ನಿಜ ಸಾರ್” ಎಂದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿಗೆ ಒರಗಿ, “ನಮ್ಮನೇಲೂ ಹಂಗೇ. ಮಗಳು ಯಾವಾಗ ಸ್ಕೂಲು ಅಂತಾಳೆ, ಅಮ್ಮ ಆಕ್ಸಿಜನ್ ಇಟ್ಕೊಂಡು ಮಲಗವ್ರೆ” ಎಂದರು. ಆಮೇಲೆ ಅವರು, “ಇವೆರಡಕ್ಕೂ ಉತ್ತರ ಕಳಿಸ್ಬೇಕು. ನಮ್ಮ ಗುಮಾಸ್ತರಿಗೆ ಜ್ವರ. ಹೆಂಗೂ ಬಂದಿದ್ದೀರ, ಒಳ್ಳೆ ಕನ್ನಡದಲ್ಲಿ ನೀವೇ ಒಂದು ಡ್ರಾಫ್ಟ್ ಮಾಡ್ಕೊಡಿ” ಎಂದು ಹಾಳೆ ನೂಕಿದರು.

‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ಸರ್ಕಾರದ ಆದೇಶ ಬಂದ ನಂತರ ನಿಯಮಾನುಸಾರ ಕ್ರಮ ವಹಿಸಲಾಗುವುದು.’ ಎರಡಕ್ಕೂ ಇದೇ ಉತ್ತರ ಬರೆದೆ. ವಾರದ ನಂತರ ಅದು ಟೈಪಾಗಿ ಶಾಲೆಗೆ ಬಂದಾಗ ನಂಜುಂಡಪ್ಪನವರು ಓದಿ ಕೆಂಡವಾದರು. “ನೋಡಿದ್ರಾ ಮೇಷ್ಟ್ರೇ! ಇದನ್ನ ಬರ್ದೋನಿಗೆ ಮನುಷ್ಯತ್ವ ಅನ್ನೋದು ಐತಾ?” ನಾನು, “ಕಮ್ಮಿ ಸಾರ್” ಎಂದೆ.

ಕೊನೆಗೆ ಆದೇಶ ಬಂದೇ ಬಂತು. ನಮ್ಮ ಎರಡು ಅರ್ಜಿಗಳಲ್ಲಿ ಒಂದನ್ನೂ ಓದದವರು ಎಲ್ಲೋ ದೂರದಲ್ಲಿ ಕೂತು, ಒಂಬತ್ತನೇ ತರಗತಿಯಿಂದ ಮೇಲೆ ಶಾಲೆ ಎಂದರು. ನೀವು ಇನ್ನೂ ಗಟ್ಟಿಯಾಗಿ ಬರೆಯಬೇಕಿತ್ತು ಎಂದು ಹೆಡ್‌ಮಾಸ್ಟರು ನನ್ನನ್ನು ದೂರಿದರು. ನಿಮ್ಮ ಅರ್ಜಿಯಿಂದಲೇ ತೆಗೆದರು ಎಂದು ನಾರಾಯಣಮ್ಮ ಒಂದು ಚೀಲ ಕಡಲೆಕಾಯಿ ತಂದುಕೊಟ್ಟರು. ಬೈಗುಳ ಕಡಲೆಕಾಯಿ ಎರಡನ್ನೂ ಇಸಿದುಕೊಂಡೆ.

ಆದರೆ ಸುಜಾತಾ ಮೇಡಂ ಮುಂದೆ ಮಾತ್ರ ತಲೆಯೆತ್ತಲು ಆಗುತ್ತಿರಲಿಲ್ಲ. ಶಾಲೆ ತೆರೆಯುವ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು. ಹೋಗಿ, “ಮೇಡಂ, ನಿಮ್ಮದು ಬೆಂಚು ಅಂತ ಬರೆದುಬಿಟ್ಟೆ. ಹಂಗೆ ಬರೀಬಾರ್ದಿತ್ತು” ಎಂದೆ.

“ನಾನು ಹೇಳಿದ್ದೇ ಬೆಂಚು ಅಲ್ವಾ ಸಾರ್? ಅಣ್ಣನ್ನ ಅರ್ಜೀಲಿ ಹೆಂಗೆ ಬರೀತಿದ್ರಿ?” ಎಂದರು. ಸ್ಕೇಲು ಹಾಳೆಯ ಮೇಲೆ ನಿಂತೇ ಇತ್ತು.

ನನಗೆ ಇನ್ನು ತಡೆಯಲಾಗಲಿಲ್ಲ. “ಇನ್ನೊಂದು ವಿಷ್ಯ. ಆ ಹೆಂಗಸರ ಅರ್ಜಿ ಬರೆದಿದ್ದೂ ನಾನೇ.”

“ಗೊತ್ತು ಸಾರ್. ನಾರಾಯಣಮ್ಮ ಅವತ್ತು ನಮ್ಮನೆಗೂ ಬಂದಿದ್ರು. ಭಾರ್ಗವಿ ವಿಷ್ಯ ಹೇಳಿದ್ರು. ನಾನೂ ಸೈನ್ ಹಾಕ್ದೆ, ನೀವು ಕೆಳಗೆ ನೋಡ್ಲಿಲ್ವಾ?” ಎಂದು ಮತ್ತೆ ಗೆರೆ ಎಳೆಯತೊಡಗಿದರು. ಆಮೇಲೆ, ನನ್ನನ್ನಲ್ಲ, ಪುಸ್ತಕವನ್ನೇ ಕೇಳುವಂತೆ, “ಇದಕ್ಕೂ ಹಾಕಿ ಅದಕ್ಕೂ ಹಾಕಿದ್ರೆ ತಪ್ಪಾಗ್ತದಾ ಸಾರ್?” ಎಂದರು. ಗೊತ್ತಿಲ್ಲ ಮೇಡಂ ಎಂದೆ. ಈ ಪ್ರಕರಣದಲ್ಲಿ ನಾನು ಆಡಿದ ಅತ್ಯಂತ ಪ್ರಾಮಾಣಿಕವಾದ ಮಾತು ಬಹುಶಃ ಅದೇ.

ಮರುದಿನ ಮಕ್ಕಳು ಬಂದರು. ಅರ್ಧ ಮುಖ ಮುಚ್ಚಿಕೊಂಡು, ಗೇಣುದ್ದ ಬೆಳೆದು, ಸಣ್ಣದಾದ ಸಮವಸ್ತ್ರದಲ್ಲಿ ಮೊಣಕೈ ಹೊರಹಾಕಿಕೊಂಡು. ಭಾರ್ಗವಿ ಮೂರನೇ ಬೆಂಚಿನಲ್ಲಿ ಕೂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರಿಂದ ಹುಬ್ಬು ಮೇಲಕ್ಕೆ ಹೋಗಿ ಸದಾ ಆಶ್ಚರ್ಯಪಡುವಂತೆ ಕಾಣುತ್ತಿದ್ದಳು. ನನಗೂ ಮಕ್ಕಳಿಗೂ ನಡುವೆ ಮೇಜು ಇರುವಂತೆ ಅದರ ಹಿಂದೆ ನಿಂತು, ಮಾಸ್ಕಿನೊಳಗಿಂದಲೇ ತತ್ಪುರುಷ ಸಮಾಸ ಶುರು ಮಾಡಿದೆ. ಉದಾಹರಣೆಗಳನ್ನು ಕೊಟ್ಟೆ, ಬೋರ್ಡು ತುಂಬಿಸಿದೆ, ಕೈ ಬೀಸಿದೆ. ಹತ್ತು ನಿಮಿಷದ ಮೇಲೆ ಭಾರ್ಗವಿ ಎದ್ದು ನಿಂತಳು.

“ಸಾರ್, ಏನೂ ಅರ್ಥ ಆಗ್ಲಿಲ್ಲ.”

“ಮಾಸ್ಕ್ ಇದೆಯಲ್ಲಮ್ಮ, ಸರಿಯಾಗಿ ಕೇಳಿಸಲ್ಲ” ಎಂದೆ.

“ಕೇಳಿಸ್ತದೆ ಸಾರ್. ಅರ್ಥ ಆಗ್ಲಿಲ್ಲ.”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬೋರ್ಡು ಅಳಿಸಿ ಮತ್ತೆ ಮೊದಲಿನಿಂದ, ಈ ಸಲ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿಕೊಟ್ಟೆ. ಹೇಳುತ್ತಿದ್ದಂತೆ ಮೇಜಿನ ಹಿಂದಿನಿಂದ ಈಚೆಗೆ ಬಂದಿದ್ದೂ ತಿಳಿಯಲಿಲ್ಲ. ಮುಗಿಸಿ, “ಈಗ?” ಎಂದು ಕೇಳಿದೆ. ಈ ಸಲ ಅರ್ಥವಾಗಲಿಲ್ಲವೆಂದು ಎದ್ದು ನಿಂತವರು ಆರು ಜನ.